ಕಾಂಡ್ಲಾ ಎಲೆಯ ಮೇಲಿನ ಬಿಳಿ ಪುಡಿ

ಬೇಸಿಗೆಯ ಮಧ್ಯಾಹ್ನ ಕುಮಟಾ ಬಳಿಯ ಅಘನಾಶಿನಿ ಅಳಿವೆಯ ದಡದಲ್ಲಿ ನಿಂತರೆ ಕೆಲವು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಎಲೆ ಉಪ್ಪು ಉದುರಿಸಿದ ಹಾಗೆ ಬೆಳ್ಳಗಿರುತ್ತದೆ. ಇವು ಅವಿಸೀನಿಯಾ ಕುಲದವು. ಕೆಲವು ಪೊದೆಯಾಗಿಯೇ ಉಳಿಯುತ್ತವೆ, ಕೆಲವು ಮರವಾಗುತ್ತವೆ. ಆ ಬಿಳುಪಿನ ಬಗ್ಗೆ ಕೇಳಿಬರುವ ವಿವರಣೆಗಳಲ್ಲಿ ಹೆಚ್ಚಿನವು ತಪ್ಪು.

ತಪ್ಪು ಕಲ್ಪನೆ: ಸಮುದ್ರದ ತುಂತುರು ಎಲೆಯ ಮೇಲೆ ಬಿದ್ದು ಒಣಗಿದೆ.

ಸತ್ಯ: ಅದು ಉಪ್ಪೇ, ನಾಲಿಗೆಗೆ ತಾಗಿಸಿದರೆ ಗೊತ್ತಾಗುತ್ತದೆ. ಆದರೆ ಬಂದದ್ದು ಎಲೆಯ ಒಳಗಿನಿಂದ. ತುಂತುರೇ ಕಾರಣವಾಗಿದ್ದರೆ ಪಕ್ಕದಲ್ಲೇ ನಿಂತಿರುವ, ಉಪ್ಪು ಹೊರಹಾಕುವ ಗ್ರಂಥಿಗಳೇ ಇಲ್ಲದ ರೈಜೋಫೊರಾ ಎಂಬ ಇನ್ನೊಂದು ಕಾಂಡ್ಲಾ ಗಿಡದ ಎಲೆಯೂ ಅಷ್ಟೇ ಬೆಳ್ಳಗಾಗಬೇಕಿತ್ತು. ಕಡಲಿನಿಂದ ದೂರ, ಕುಂಡದಲ್ಲಿ ಉಪ್ಪುನೀರು ಹಾಕಿ ಬೆಳೆಸಿದ ಅವಿಸೀನಿಯಾ ಕೂಡ ಉಪ್ಪು ಹೊರಹಾಕುತ್ತದೆ.

ತಪ್ಪು ಕಲ್ಪನೆ: ಎಲೆ ಬೆವರುತ್ತದೆ, ಉಪ್ಪು ಪತ್ರರಂಧ್ರಗಳಿಂದ ಬರುತ್ತದೆ.

ಸತ್ಯ: ಶಾಲೆಯಲ್ಲೂ ಹೀಗೆ ಹೇಳಿಬಿಡುವುದುಂಟು. ಅವಿಸೀನಿಯಾದಲ್ಲಿ ಪತ್ರರಂಧ್ರಗಳಿರುವುದು ಎಲೆಯ ಅಡಿಯಲ್ಲಿ ಮಾತ್ರ, ಉಪ್ಪು ಕೂರುವುದು ಮೇಲ್ಭಾಗದಲ್ಲೂ. ಹಾಗಾಗಿ ದಾರಿ ಬೇರೆಯೇ ಇರಬೇಕು. ಸೂಕ್ಷ್ಮದರ್ಶಕದಲ್ಲಿ ಅದು ಸಿಗುತ್ತದೆ: ಮೇಲ್ಮೈಯ ಪುಟ್ಟ ಕುಳಿಗಳಲ್ಲಿ ಕುಳಿತ ಉಪ್ಪಿನ ಗ್ರಂಥಿಗಳು. ಒಂದೊಂದರಲ್ಲೂ ಇರುವುದು ಕೆಲವೇ ಜೀವಕೋಶ. ಬುಡದ ಕೋಶಗಳು ಉಪ್ಪನ್ನು ಸೇರಿಸುತ್ತವೆ, ನಡುವಿನ ತೊಟ್ಟಿನಂಥ ಕೋಶ ಮೇಲಕ್ಕೆ ಸಾಗಿಸುತ್ತದೆ, ತುದಿಯ ಕೋಶಗಳು ಹೊರದಬ್ಬುತ್ತವೆ. ತೊಟ್ಟಿನ ಕೋಶದ ಪಕ್ಕದ ಗೋಡೆಗೆ ನೀರು ದಾಟದ ಲೇಪವಿರುವುದರಿಂದ ಹೋದ ಉಪ್ಪು ಸುಲಭವಾಗಿ ಹಿಂದಕ್ಕೆ ಸೋರುವುದಿಲ್ಲ. ಇದು ತಾನಾಗಿ ಜಿನುಗುವ ಬೆವರಲ್ಲ, ಗಿಡ ಶಕ್ತಿ ಖರ್ಚುಮಾಡಿ ನಡೆಸುವ ಕೆಲಸ.

ತಪ್ಪು ಕಲ್ಪನೆ: ಎಲೆಯ ಅಡಿ ಬೂದು ಬಣ್ಣವಾಗಿದೆ ಎಂದರೆ ಬೂದಿ ರೋಗ.

ಸತ್ಯ: ರೋಗವಲ್ಲ, ಒತ್ತಾಗಿ ಬೆಳೆದ ಗಿಡ್ಡ ರೋಮಗಳು. ಅಡಿಭಾಗದ ಗ್ರಂಥಿಗಳೂ ಪತ್ರರಂಧ್ರಗಳೂ ಇವುಗಳ ಮರೆಯಲ್ಲೇ ಇರುತ್ತವೆ. ಔಷಧಿ ಹೊಡೆಯಬೇಕಾಗಿಲ್ಲ.

ತಪ್ಪು ಕಲ್ಪನೆ: ಕಾಂಡ್ಲಾ ಗಿಡಕ್ಕೆ ಉಪ್ಪೆಂದರೆ ಪ್ರೀತಿ.

ಸತ್ಯ: ಪ್ರೀತಿಯಿದ್ದರೆ ಹೊರಹಾಕುವ ಈ ಪಾಡೇಕೆ? ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರನ್ನು ಹೀರುವಾಗ ಅವಿಸೀನಿಯಾದ ಬೇರು ಶೇಕಡಾ 90ಕ್ಕೂ ಹೆಚ್ಚು ಉಪ್ಪನ್ನು ಹೊರಗೇ ತಡೆಯುತ್ತದೆ. ಗ್ರಂಥಿಗಳ ಪಾಲಿಗೆ ಬರುವುದು ಆ ತಡೆಯನ್ನೂ ದಾಟಿ ಬಂದದ್ದು.

ನೋಡಲು ಹೋಗುವವರು ಭೂತಗನ್ನಡಿ ಒಯ್ಯಿರಿ. ಗ್ರಂಥಿ ಕಾಣದಿದ್ದರೂ ಹರಳುಗಳು ಚೆನ್ನಾಗಿ ಕಾಣುತ್ತವೆ. ಮುಂಜಾನೆ ಬೇಡ, ಇಬ್ಬನಿಗೆ ಉಪ್ಪು ಕರಗಿರುತ್ತದೆ. ಮಳೆಗಾಲವಂತೂ ಬೇಡವೇ ಬೇಡ.