ಹೈಬ್ರಿಡ್ ಬೆರಿ ಗಿಡ ಕೊಳ್ಳೋ ಮುಂಚೆ ಅದರ ಅಪ್ಪ ಅಮ್ಮ ಯಾರು ಅಂತ ಕೇಳಿ

ಮಳೆ ಶುರುವಾಯ್ತು ಅಂದ್ರೆ ವೈಟ್‌ಫೀಲ್ಡ್, ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಒಂದು ಪ್ರಶ್ನೆ ಖಾಯಂ ಬರುತ್ತೆ: "ಹೈಬ್ರಿಡ್ ಬ್ಲ್ಯಾಕ್‌ಬೆರಿ ಗಿಡ ಸಿಕ್ತಾ ಇದೆ, ಹಾಕ್ಬೋದಾ?" ಕೆಲವರು ಫೋಟೊನೂ ಕಳಿಸ್ತಾರೆ. ಎಷ್ಟೋ ಸಲ ಆ ಫೋಟೊದಲ್ಲಿರೋದು ಶಿಡ್ಲಘಟ್ಟದ ಕಡೆ ರೇಷ್ಮೆ ಹುಳುವಿಗೆ ಹಾಕೋ ಹಿಪ್ಪುನೇರಳೆ! ಹಣ್ಣು ದೂರದಿಂದ ಒಂದೇ ಥರ ಕಾಣುತ್ತೆ, ಅಷ್ಟೇ. ಹಿಪ್ಪುನೇರಳೆ ಮರವಾಗೋ ಗಿಡ, ಮುಳ್ಳಿಲ್ಲ, ಒಂದು ತೊಟ್ಟಿಗೆ ಒಂದೇ ಎಲೆ. ನಿಜವಾದ ಬೆರಿ ಬಳ್ಳಿಗೆ ಬಹುತೇಕ ಮುಳ್ಳಿರುತ್ತೆ, ಒಂದೊಂದು ಎಲೆಯೂ ಮೂರು, ಐದು, ಏಳು ಚಿಕ್ಕ ಎಲೆಗಳಾಗಿ ಒಡೆದಿರುತ್ತೆ. ಸಸ್ಯಶಾಸ್ತ್ರದಲ್ಲಿ ಈ ಗುಂಪಿನ ಹೆಸರು ರೂಬಸ್, ಗುಲಾಬಿಯ ಕುಟುಂಬ.

ರೂಬಸ್‌ನಲ್ಲಿ ದೊಡ್ಡ ಗುಂಪು ಎರಡು. ಹಣ್ಣು ಕಿತ್ತಾಗ ಒಳಗಿನ ದಿಂಡು ಗಿಡದಲ್ಲೇ ಉಳಿದು, ಕೈಗೆ ಟೋಪಿ ಥರ ಟೊಳ್ಳು ಹಣ್ಣು ಬಂದರೆ ಅದು ರಾಸ್ಪ್‌ಬೆರಿ. ದಿಂಡೂ ಹಣ್ಣಿನ ಜೊತೆಗೇ ಬಂದರೆ ಬ್ಲ್ಯಾಕ್‌ಬೆರಿ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಕಪ್ಪು ರಾಸ್ಪ್‌ಬೆರಿ ಇದೆ, ಕೆಂಪು ಹಣ್ಣಿನ ಹೈಬ್ರಿಡ್‌ಗಳೂ ಇವೆ.

ಈ ಎರಡೂ ಸೇರಿ ಹುಟ್ಟಿದ ಹೈಬ್ರಿಡ್‌ಗಳಲ್ಲಿ ಹೆಸರಾದದ್ದು ಲೋಗನ್‌ಬೆರಿ. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಜೇಮ್ಸ್ ಹಾರ್ವೆ ಲೋಗನ್ ಅಂತ ಒಬ್ಬ ನ್ಯಾಯಾಧೀಶ ಇದ್ದ. 1881ರಲ್ಲಿ ಎರಡು ಬ್ಲ್ಯಾಕ್‌ಬೆರಿ ತಳಿಗಳನ್ನು ಸೇರಿಸೋಣ ಅಂತ ಹೊರಟ. ಪಕ್ಕದಲ್ಲೇ ಒಂದು ಹಳೇ ಕೆಂಪು ರಾಸ್ಪ್‌ಬೆರಿಯೂ ಹೂ ಬಿಟ್ಟಿತ್ತು. ಬೀಜ ಬಿತ್ತಿ ಬೆಳೆಸಿದ ಸಸಿಗಳಲ್ಲಿ ಒಂದು ಮಾತ್ರ ಎರಡರ ಥರವೂ ಇರಲಿಲ್ಲ. ಜೇನುಹುಳು ತನ್ನ ಕೆಲಸ ಮಾಡಿತ್ತು.

ಆದರೆ ಅದು ನಿಜಕ್ಕೂ ಹೈಬ್ರಿಡ್ಡೋ, ಕೆಂಪು ಹಣ್ಣು ಬಿಡೋ ಬ್ಲ್ಯಾಕ್‌ಬೆರಿಯೋ ಅನ್ನೋ ಜಗಳ ಹತ್ತಾರು ವರ್ಷ ನಡೀತು. ಹೈಬ್ರಿಡ್ ಆದ್ರೆ ಬೀಜ ಕಟ್ಟೋದು ಕಷ್ಟ, ಇದು ಚೆನ್ನಾಗಿ ಹಣ್ಣು ಬಿಡುತ್ತಲ್ಲ ಅನ್ನೋದು ಒಂದು ವಾದ. ಉತ್ತರ ಸಿಕ್ಕಿದ್ದು ವರ್ಣತಂತುಗಳ ಲೆಕ್ಕದಲ್ಲಿ. 1940ರಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯ ಎಂ. ಬಿ. ಕ್ರೇನ್ ಇದನ್ನು ಬಿಡಿಸಿ ಹೇಳಿದರು. ತಾಯಿ ಬ್ಲ್ಯಾಕ್‌ಬೆರಿಗೆ 56 ವರ್ಣತಂತು, ಅದರ ಅರ್ಧ 28 ಮಗುವಿಗೆ ಬಂತು. ರಾಸ್ಪ್‌ಬೆರಿಗೆ 14, ಅದರಿಂದ 7 ಬರಬೇಕಿತ್ತು. ಹಾಗೆ ಬಂದಿದ್ದರೆ ಒಟ್ಟು 35 ಆಗಿ, ಜೋಡಿ ಕೂಡದೆ ಗಿಡ ಬಂಜೆಯಾಗುವ ಸಾಧ್ಯತೆಯೇ ಹೆಚ್ಚು. ಆದರೆ ಅಪರೂಪಕ್ಕೆ ಪರಾಗದಲ್ಲಿ ಅರ್ಧ ಆಗದೆ ಪೂರ್ತಿ 14 ಉಳಿದುಬಿಡುತ್ತೆ. 28ಕ್ಕೆ 14 ಸೇರಿ 42. ಎಲ್ಲಕ್ಕೂ ಜೋಡಿ ಸಿಕ್ಕಿತು, ಹಣ್ಣು ಕಟ್ಟಿತು.

ಹೈಬ್ರಿಡ್ ಕಾಡಲ್ಲೂ ತಾನಾಗೇ ಆಗುತ್ತೆ. ಹವಾಯಿ ದ್ವೀಪದಲ್ಲಿ ಅಲ್ಲಿನ ಮೂಲ ರೂಬಸ್ಸೂ ಹೊರಗಿಂದ ಬಂದ ಇನ್ನೊಂದು ರೂಬಸ್ಸೂ ಸೇರಿ ನಡುವಿನ ರೂಪದ ಗಿಡಗಳು ಹುಟ್ಟಿದ್ದವು. ಅವು ಹೈಬ್ರಿಡ್ ಅನ್ನೋದನ್ನು ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸಿದ ವರದಿ ಬಂದದ್ದು 2004ರಲ್ಲಿ.

ನಿಮ್ಮ ಕಣ್ಣಿಗೇ ವಿಚಿತ್ರ ಗಿಡ ಬಿತ್ತು ಅಂತಿಟ್ಟುಕೊಳ್ಳಿ. ಮೊದಲು ಆ ಜಾಗದಲ್ಲಿರೋ ಬೇರೆ ರೂಬಸ್ ಯಾವುದು ನೋಡಿ, ಯಾಕೆಂದರೆ ಅಪ್ಪ ಅಮ್ಮ ಸಾಮಾನ್ಯವಾಗಿ ಸುತ್ತಮುತ್ತಲೇ ಇರ್ತಾರೆ. ಎಲೆ, ಮುಳ್ಳು, ಕಾಂಡದ ಮೇಲಿನ ರೋಮ ಎರಡರ ನಡುವಿನ ಥರ ಇದೆಯಾ? ಹಣ್ಣಿನಲ್ಲಿ ನಾಲ್ಕೈದೇ ಮಣಿ ಕಟ್ಟಿ ಉದುರುತ್ತಾ? ಹಾಗಿದ್ರೆ ಅನುಮಾನ ಪಡಬಹುದು. ಆದರೆ ವೈರಸ್ ರೋಗ ಬಂದರೂ, ಜೇನು ಬಾರದಿದ್ದರೂ ಹಣ್ಣು ಹೀಗೇ ಪುಡಿಪುಡಿ ಆಗುತ್ತೆ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರು ಅಸಿಟೋಕಾರ್ಮಿನ್ ಹಾಕಿ ಪರಾಗ ನೋಡಿಕೊಟ್ಟಾರು. ಜೀವ ಇರೋ ಕಣ ಕೆಂಪಾಗಿ ಉಬ್ಬಿರುತ್ತೆ, ಬಂಜೆ ಕಣ ಸುಕ್ಕಾಗಿ ಬಣ್ಣ ಹಿಡಿಯಲ್ಲ. ಕೊನೇ ಮಾತು ವರ್ಣತಂತು ಎಣಿಕೆ ಇಲ್ಲಾ ಡಿಎನ್‌ಎದ್ದು.

ಈಗ ನಮ್ಮ ಬೆಂಗಳೂರಿನ ವಿಷಯ. ಇಲ್ಲಿ ಅಪ್ಪ ಅಮ್ಮನ ಪ್ರಶ್ನೆ ದುಡ್ಡಿನ ಪ್ರಶ್ನೆ. ಕೆಂಪು ರಾಸ್ಪ್‌ಬೆರಿಯ ಬಹುತೇಕ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕಡಿಮೆ ಉಷ್ಣಾಂಶ ನೂರಾರು ಗಂಟೆ ಸಿಗಬೇಕು, ಆಗಲೇ ಮೊಗ್ಗು ಸರಿಯಾಗಿ ಒಡೆಯೋದು. ಬೆಂಗಳೂರು ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ಅಂದ್ರೆ ನಮಗೆ ಸಿಗೋ ಚಳಿ ಗಂಟೆ ಸೊನ್ನೆ. ಇಂಥ ಅಪ್ಪ ಅಮ್ಮನಿಂದ ಬಂದ ಹೈಬ್ರಿಡ್ ಇಲ್ಲಿ ಎಲೆ ತುಂಬಿಕೊಂಡು ಚೆಂದ ಕಾಣಬಹುದು, ಹಣ್ಣಿನ ಭರವಸೆ ಇಲ್ಲ.

ಅದಕ್ಕೇ ನಾನು ಮೊದಲು ಹೇಳೋ ಹೆಸರು ರೂಬಸ್ ನಿವಿಯಸ್. ಹೊರದೇಶದ ನರ್ಸರಿಗಳಲ್ಲಿ ಇದನ್ನು ಮೈಸೂರು ರಾಸ್ಪ್‌ಬೆರಿ ಅಂತಲೇ ಮಾರ್ತಾರೆ! ನಮ್ಮ ಘಟ್ಟದ ಎತ್ತರದ ಬೆಟ್ಟಗಳ ಗಿಡ. ಕಾಂಡದ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ, ಹಣ್ಣು ಕೆಂಪಿನಿಂದ ಕಪ್ಪಿಗೆ ತಿರುಗುತ್ತೆ. ಚಳಿ ಬೇಡ, ದಕ್ಷಿಣ ಫ್ಲಾರಿಡಾದ ಸೆಕೆಯಲ್ಲೂ ಫಲ ಕೊಡುತ್ತೆ. ಬಿಸಿಲು ನಾಡಿಗೆ ಹೈಬ್ರಿಡ್ ಮಾಡುವವರೂ ಇದನ್ನು ಹುಡುಕಿಕೊಂಡು ಬರೋದು ಇದಕ್ಕೇ. ಗಿಡ ಮಾರುವವರು "ಇದರ ಒಂದು ಕಡೆ ನಿವಿಯಸ್" ಅಂದರೆ ನಾನು ಕಿವಿ ಕೊಡ್ತೀನಿ. "ಇಂಪೋರ್ಟೆಡ್ ಸಾರ್" ಅಂದರೆ ಮುಂದೆ ಹೋಗ್ತೀನಿ.

ಬೆಳೆಸೋದು ಕಷ್ಟವಲ್ಲ. ತಂತಿಗೆ ಕಟ್ಟಿ, ಬುಡಕ್ಕೆ ಗೊಬ್ಬರ, ಒಣ ಎಲೆಯ ಹೊದಿಕೆ ಕೊಡಿ. ಹಣ್ಣು ಬಿಟ್ಟು ಮುಗಿದ ಬಳ್ಳಿಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಹೊಸ ಬಳ್ಳಿ ಅದರ ಜಾಗ ತಗೊಳ್ಳುತ್ತೆ. ಉಪ್ಪಿನ ಬೋರ್‌ವೆಲ್ ನೀರು ಈ ಜಾತಿಗೆ ಆಗಿಬರಲ್ಲ. ಪೀಣ್ಯದ ಆಸುಪಾಸಿನವರಂತೂ ಬೆರಿ ಇರಲಿ, ಸೊಪ್ಪು ಹಾಕೋಕೂ ಮುಂಚೆ ನೀರು ಪರೀಕ್ಷೆ ಮಾಡಿಸಿ, ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾಗಿದೆ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಈ ಬಳ್ಳಿಯ ತುದಿ ನೆಲಕ್ಕೆ ತಾಗಿದರೆ ಅಲ್ಲೇ ಬೇರು ಬಿಡುತ್ತೆ, ಹಣ್ಣು ತಿಂದ ಪಿಕಳಾರ ಬೀಜವನ್ನು ಎಲ್ಲೆಲ್ಲೋ ಹಾಕುತ್ತೆ. ಹಣ್ಣಿಗೆ ಅಂತ ತಂದ ಇದೇ ನಿವಿಯಸ್ ಇವತ್ತು ಗಾಲಾಪಗೋಸ್ ದ್ವೀಪಗಳ ಅತಿ ಕೆಟ್ಟ ಕಳೆಗಳಲ್ಲೊಂದು. ವೈಟ್‌ಫೀಲ್ಡ್ ಟೆರೇಸಿನ ಚೀಲದಲ್ಲಿದ್ದರೆ ಹತೋಟಿ ಸುಲಭ, ಸುತ್ತ ಬೆರೆಯೋಕೆ ಕಾಡು ರೂಬಸ್ಸೂ ಇಲ್ಲ. ಆದರೆ ಈಗ ನಮ್ಮ ಕಂಪನಿ ಸ್ನೇಹಿತರು ಸಕಲೇಶಪುರ, ಮಡಿಕೇರಿ, ಚಿಕ್ಕಮಗಳೂರು ಕಡೆ ಜಾಗ ಮಾಡಿಕೊಂಡು, ವಾರಾಂತ್ಯಕ್ಕೆ ಇಲ್ಲಿಂದ ಡಿಕ್ಕಿ ತುಂಬ ಗಿಡ ಒಯ್ತಾರೆ. ಅಲ್ಲಿನ ಬೆಟ್ಟಗಳಲ್ಲಿ ಕಾಡು ರೂಬಸ್ ಇವೆ. ಹೆಸರು ಗೊತ್ತಿಲ್ಲದ ವಿದೇಶಿ ಹೈಬ್ರಿಡ್ ಅನ್ನು ಅವುಗಳ ಪಕ್ಕ ನೆಡಬೇಡಿ. ನೆಟ್ಟಾಗಿದ್ದರೆ ಬಳ್ಳಿಯ ತುದಿಗಳನ್ನು ನೆಲ ಮುಟ್ಟದ ಹಾಗೆ ಕತ್ತರಿಸ್ತಾ ಇರಿ, ಹಣ್ಣನ್ನು ಹಕ್ಕಿಗೆ ಬಿಡದೆ ಬಲೆ ಹಾಕಿ.

ಅಲ್ಲೇ ಬೇಲಿಯಲ್ಲಿ ಯಾವುದರ ಥರವೂ ಇಲ್ಲದ ಬಳ್ಳಿ ಕಂಡರೆ ಕಿತ್ತು ಬಿಸಾಡಬೇಡಿ. ಹೂ, ಎಲೆ, ಒಂದು ತುಂಡು ಹಳೇ ಬಳ್ಳಿ, ಒಂದು ತುಂಡು ಹೊಸ ಬಳ್ಳಿ ಪೇಪರ್ ನಡುವೆ ಇಟ್ಟು ಒಣಗಿಸಿ. ಹೂವಿನ, ಹಣ್ಣಿನ ಬಣ್ಣ, ಜಾಗ, ತಾರೀಖು ಬರೆದಿಡಿ, ಒಣಗಿದ ಮೇಲೆ ಬಣ್ಣ ಉಳಿಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಣಗಿಸಿದ ಸಸ್ಯಗಳ ಸಂಗ್ರಹ ಇದೆ, ಅಂಥ ಕಡೆ ತೋರಿಸಿ.