ಸೌರಬೇಲಿಯ ಬ್ಯಾಟರಿ ತುಂಬದಿರಲು ಕಾರಣಗಳು ಮತ್ತು ಅವನ್ನು ಕಂಡುಹಿಡಿಯುವ ಕ್ರಮ

ಮಲೆ ಮಹದೇಶ್ವರ ಬೆಟ್ಟದ ಸುತ್ತಣ ರಾಮಾಪುರ, ಕೌದಳ್ಳಿ, ಮಾರ್ಟಳ್ಳಿ, ಪೊನ್ನಾಚಿ ಮೊದಲಾದ ಗ್ರಾಮಗಳಲ್ಲಿ ರಾಗಿಯೂ ಮುಸುಕಿನ ಜೋಳವೂ ತೆನೆಗಟ್ಟುವ ಕಾಲಕ್ಕೆ ಆನೆಗಳು ಕಾಡಿನಿಂದ ಹೊಲಕ್ಕಿಳಿಯುವುದು ಹೊಸ ಸಂಗತಿಯಲ್ಲ. ಅಟ್ಟಣೆಯ ಮೇಲೆ ತಮಟೆ ಬಡಿಯುತ್ತ ರಾತ್ರಿ ಕಳೆಯುತ್ತಿದ್ದ ರೈತರಲ್ಲಿ ಅನೇಕರು ಈಗ ಸೌರಶಕ್ತಿಯ ತಂತಿಬೇಲಿಯನ್ನು ನಂಬಿ ಮಲಗುವರು. ಆದರೆ ಬೇಲಿ ನಿಂತಿರುವುದೇ ಬೇರೆ, ಅದು ಕೆಲಸಮಾಡುವುದೇ ಬೇರೆ. ಒಮ್ಮೆ ಮುಟ್ಟಿ ಹೊಡೆತವಿಲ್ಲವೆಂದು ಕಂಡುಕೊಂಡ ಆನೆಯು ಮರುದಿನ ಆ ತಂತಿಗೆ ಅಂಜುವುದಿಲ್ಲ.

ಈ ಸೀಮೆಯಲ್ಲಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಮೋಡ ಮಳೆಗಳು ಹೆಚ್ಚು. ಬೆಳೆ ಮಾಗುವುದೂ, ಆನೆ ಬರುವುದೂ, ಬಿಸಿಲು ಕಡಮೆಯಾಗುವುದೂ ಒಂದೇ ಕಾಲದಲ್ಲಿ ಒದಗುವುವು. ಬೇಸಗೆಯಲ್ಲಿ ಮರೆಯಾಗಿದ್ದ ದೋಷವು ಆಗ ಹೊರಬೀಳುವುದು. ಬೇಲಿ ಸತ್ತಿತೆಂದೊಡನೆ ಹೊಸ ಬ್ಯಾಟರಿಯನ್ನು ಕೊಂಡುತರುವುದು ರೂಢಿಯಾಗಿದೆ. ದೋಷ ಬೇರೆಡೆ ಇದ್ದರೆ ಹೊಸದೂ ಕೆಲವೇ ದಿನಗಳಲ್ಲಿ ಹಳೆಯದರ ಗತಿಯನ್ನೇ ಹೊಂದುವುದು. ಹಣ ಮಾತ್ರ ವ್ಯರ್ಥ.

ಫಲಕವು ಬಿಸಿಲಿನಿಂದ ವಿದ್ಯುತ್ತನ್ನು ಉತ್ಪಾದಿಸುವುದು; ಚಾರ್ಜ್ ಕಂಟ್ರೋಲರ್ ಅದನ್ನು ಹದಗೊಳಿಸಿ 12 ವೋಲ್ಟಿನ ಬ್ಯಾಟರಿಗೆ ಕೊಡುವುದು; ಬೇಲಿಯ ಯಂತ್ರವು ಅದನ್ನು ಹಲವು ಸಾವಿರ ವೋಲ್ಟುಗಳಿಗೆ ಏರಿಸಿ, ಸೆಕೆಂಡಿಗೊಮ್ಮೆಯಂತೆ ಕ್ಷಣಮಾತ್ರ ತಂತಿಗೆ ಬಿಡುವುದು. ಹೊಡೆತವು ಕ್ಷಣಿಕವಾದ್ದರಿಂದಲೇ ನೋವಾಗುವುದಲ್ಲದೆ ಪ್ರಾಣ ಹೋಗುವುದಿಲ್ಲ.

ಮೊದಲು ಯಂತ್ರವನ್ನು ನಿಲ್ಲಿಸಿ, ಬೇಲಿಯ ತಂತಿಯನ್ನು ಅದರಿಂದ ಬಿಡಿಸಿ, ಮತ್ತೆ ನಡೆಸಿ ಬೇಲಿಯ ಟೆಸ್ಟರಿನಿಂದ ಹೊಡೆತವನ್ನು ಪರೀಕ್ಷಿಸತಕ್ಕದ್ದು. ಆಗ ಹೊಡೆತ ಬಲವಾಗಿದ್ದರೆ ದೋಷವು ಬೇಲಿಯದು. ತಂತಿಗೆ ತಾಗಿದ ಲಾಂಟಾನ, ಒದ್ದೆ ಹುಲ್ಲು, ಒಡೆದ ಇನ್ಸುಲೇಟರ್, ಒಣಗಿದ ಅರ್ಥಿಂಗ್ ಇವನ್ನು ಹುಡುಕಬೇಕು. ಹೊಡೆತ ಆಗಲೂ ಬಲಹೀನವಾಗಿದ್ದರೆ ಬ್ಯಾಟರಿಯ ಕಡೆಗೆ ತಿರುಗಬೇಕು.

ಬ್ಯಾಟರಿಯನ್ನು ಹೊತ್ತು ಮೂಡುವ ಮುನ್ನ ನೋಡುವುದು ಲೇಸು. ಮೊದಲು ಫಲಕದ ತಂತಿ, ಅನಂತರ ಬ್ಯಾಟರಿಯ ತಂತಿ, ಹೀಗೆ ಬಿಡಿಸಿ, ಒಂದೆರಡು ಗಂಟೆ ಬಿಟ್ಟು ಮೀಟರ್ ಹಿಡಿದರೆ ತುಂಬಿದ ಬ್ಯಾಟರಿಯು 12.6 ವೋಲ್ಟಿಗೆ ಕಡಮೆ ತೋರದು. 12.2 ಎಂದರೆ ಅರ್ಧ ಖಾಲಿ, 11.9ಕ್ಕಿಂತ ಕೆಳಗಿಳಿದರೆ ಬರಿದಾದಂತೆಯೇ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರು ಕೋಣೆಗಳನ್ನೂ ಅಳೆಯಬೇಕು. ತುಂಬಿದಾಗ ದ್ರವದ ಸಾಂದ್ರತೆ 1.260ರ ಸುಮಾರಿಗಿರುವುದು. ಐದು ಕೋಣೆಗಳು ಸರಿಯಾಗಿದ್ದು ಒಂದು ಮಾತ್ರ ಬಹಳ ಇಳಿದಿದ್ದರೆ ಆ ಬ್ಯಾಟರಿಯ ಆಯುಸ್ಸು ಮುಗಿಯಿತೆಂದು ತಿಳಿಯತಕ್ಕದ್ದು. ಆರೂ ಸಮನಾಗಿ ಇಳಿದಿದ್ದರೆ ಬ್ಯಾಟರಿಯನ್ನು ದೂರುವ ಮುನ್ನ ಅದಕ್ಕೆ ಆಹಾರ ಸಿಕ್ಕಿದೆಯೇ ಎಂದು ವಿಚಾರಿಸಬೇಕು. ಮಟ್ಟ ಇಳಿದಿದ್ದರೆ ಬ್ಯಾಟರಿಗೆಂದು ಮಾರುವ ಶುದ್ಧ ನೀರನ್ನೇ ಹಾಕಬೇಕು, ಆಮ್ಲವನ್ನಲ್ಲ. ಹತ್ತಿರ ಬೀಡಿ ಹಚ್ಚಕೂಡದು. ಅದರಿಂದ ಹೊರಡುವ ಅನಿಲವು ಸಿಡಿಯತಕ್ಕದ್ದು.

ಬಳಿಕ ಮೊದಲು ಬ್ಯಾಟರಿ, ಅನಂತರ ಫಲಕ ಎಂಬ ಕ್ರಮದಲ್ಲಿ ಜೋಡಿಸಿ, ನಡುಹಗಲಿನ ಬಿಸಿಲಿನಲ್ಲಿ ಬ್ಯಾಟರಿಯನ್ನು ಮತ್ತೆ ಅಳೆಯಬೇಕು. ಬೆಳಗಿನ ಅಂಕಿಗಿಂತ ಏರಿ, ತುಂಬುತ್ತ ಬಂದಂತೆ 14ರ ಸುಮಾರಿಗೆ ಮುಟ್ಟುವುದು ಸರಿಯಾದ ಲಕ್ಷಣ. ಸ್ವಲ್ಪವೂ ಏರದಿದ್ದರೆ ಫಲಕದ ತಂತಿಗಳನ್ನು ಬಿಡಿಸಿ ಅದನ್ನೇ ಅಳೆಯುವುದು; 18ರಿಂದ 21 ವೋಲ್ಟ್ ಬಂದರೆ ಕಂಟ್ರೋಲರ್, ಫ್ಯೂಸ್ ಅಥವಾ ಕಿಲುಬು ಹಿಡಿದ ಸಂದುಗಳಲ್ಲಿ ತಡೆಯಿದೆ. ಬ್ಯಾಟರಿಯು 15ನ್ನು ದಾಟಿದರೆ ಕಂಟ್ರೋಲರ್ ಹಿಡಿತ ತಪ್ಪಿದೆ. ನೀರು ಬೇಗ ಬತ್ತುವುದೂ ಇದರ ಗುರುತೇ.

ವೋಲ್ಟ್ ಸರಿಯಾಗಿದ್ದರೂ ಮೋಸಹೋಗಬಾರದು. ಸಾಮಾನ್ಯ ಫಲಕದಲ್ಲಿ 36 ಕೋಶಗಳು ಸರಪಣಿಯಂತೆ ಕೂಡಿರುವುವು. ಒಂದರ ಮೇಲೆ ಹಕ್ಕಿಯ ಹಿಕ್ಕೆ ಅಥವಾ ಹೊಂಗೆಯ ಕೊಂಬೆಯ ನೆರಳು ಬಿದ್ದರೂ ಆ ಸರಪಣಿಯ ಹರಿವೆಲ್ಲ ಕುಗ್ಗುವುದು. ಆದ್ದರಿಂದ ಆಂಪಿಯರನ್ನೂ ನೋಡಬೇಕು: 40 ವಾಟಿನ ಫಲಕ ತೀಕ್ಷ್ಣ ಬಿಸಿಲಿನಲ್ಲಿ 2 ಆಂಪಿಯರಿನಷ್ಟು ಕೊಡಬೇಕು. ಫಲಕದ ಮುಖ ದಕ್ಷಿಣಕ್ಕಿದ್ದು 12ರಿಂದ 15 ಡಿಗ್ರಿ ವಾಲಿದ್ದರೆ ಈ ಪ್ರದೇಶಕ್ಕೆ ಸಾಕು.

ವೆಚ್ಚವನ್ನೂ ಲೆಕ್ಕಹಾಕಬೇಕು. ಯಂತ್ರವು 0.2 ಆಂಪಿಯರ್ ಎಳೆಯುವುದಾದರೆ ದಿನಕ್ಕೆ 4.8 ಆಂಪಿಯರ್-ಗಂಟೆ. ಐದು ಗಂಟೆಯ ಒಳ್ಳೆಯ ಬಿಸಿಲಿನಿಂದ 10 ದೊರೆಯುವುದು. ಮೋಡ ಕವಿದ ದಿನ ಅದರ ಕಾಲುಭಾಗವೂ ಸಂದೇಹ. ಅದೇ ಬ್ಯಾಟರಿಗೆ ದೀಪವನ್ನೂ ಮೊಬೈಲನ್ನೂ ಸಿಕ್ಕಿಸುವ ಮನೆಯವರು ಆನೆಗೆ ಬಾಗಿಲು ತೆರೆದಿಟ್ಟಂತೆಯೇ ಸರಿ.

ಬ್ಯಾಟರಿ ಕೈಕೊಟ್ಟ ರಾತ್ರಿ ಕೆಲವರು ಪಂಪಿನ ವಿದ್ಯುತ್ತನ್ನೇ ಬೇಲಿಗೆ ಹಾಯಿಸಲು ಹವಣಿಸುವರು. ಇದು ಎಡೆಬಿಡದೆ ಹರಿಯುವ ವಿದ್ಯುತ್ತು. ಆನೆಯನ್ನು ಮಾತ್ರವಲ್ಲ, ನಸುಕಿನಲ್ಲಿ ಹೊಲಕ್ಕೆ ಬಂದ ಸ್ವಂತ ಮಗನನ್ನೂ, ಹಗ್ಗ ಕಿತ್ತುಕೊಂಡು ಹೋದ ಎತ್ತನ್ನೂ ಕೊಲ್ಲುವುದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿರುವ ಆನೆಯನ್ನು ಕೊಂದವರಿಗೆ ಕಾರಾಗೃಹ ತಪ್ಪದು. ಗ್ರಾಮದ ಮುಖಂಡರು ಇಂಥದನ್ನು ಕಂಡೊಡನೆ ತಡೆಯತಕ್ಕದ್ದು.

ಊರಿಗೊಂದು ಮೀಟರ್, ಒಂದು ಹೈಡ್ರೋಮೀಟರ್ ಇಟ್ಟುಕೊಂಡು, ಬೆಳಗಿನ ಮತ್ತು ನಡುಹಗಲಿನ ಅಂಕಿಗಳನ್ನು ವಾರಕ್ಕೊಮ್ಮೆ ಪುಸ್ತಕದಲ್ಲಿ ಬರೆಯಿಸುವ ಏರ್ಪಾಡನ್ನು ಯಜಮಾನರು ಆಗಸ್ಟ್ ತಿಂಗಳಲ್ಲಿಯೇ ಮಾಡಿಕೊಳ್ಳಬಹುದು. ಬೇಲಿಯ ಉದ್ದಕ್ಕೂ ನಡೆದು ಬಳ್ಳಿ ಪೊದೆಗಳನ್ನು ಸವರುವ ಕೆಲಸವನ್ನು ಮನೆಗೊಂದಾಳಿನಂತೆ ಸರದಿಯ ಮೇಲೆ ಹಂಚಿದರೆ ಯಾರಿಗೂ ಭಾರವಾಗದು.