ಮೊದಲು ಮಾತು ಕಲಿ, ಆಮೇಲೆ ಬೋಧನೆ ಮಾಡು!

ಐಗಳಿ: ಅಥಣಿ-ವಿಜಯಪುರ ರಸ್ತೆಯ ಐಗಳಿ ಕ್ರಾಸಿನಲ್ಲಿ ಬಸ್ಸಿಳಿಯುವ ಹೊಸ ಮಾಸ್ತರರಿಗೆ, ಬ್ಯಾಂಕಿನ ಸಾಹೇಬರಿಗೆ, ನರ್ಸಬಾಯಿಗೆ ಊರು ಒಡ್ಡುವ ಮೊದಲ ಪರೀಕ್ಷೆ ಒಂದೇ: 'ಇವರಿಗೆ ನಮ್ಮ ಮಾತು ತಿಳೀತೈತೇನು?' ಪಾಸಾದವರಿಗೆ ಚಹಾ, ನಪಾಸಾದವರಿಗೆ ಬರೇ ನಮಸ್ಕಾರ!

ಈ ಪರೀಕ್ಷೆ ಹೊಸದೇನಲ್ಲ. ಧರ್ಮ ಸಾರಲು ಪರದೇಶದಿಂದ ಬಂದ ಪಾದ್ರಿಗಳೂ ಇದಕ್ಕೆ ಕೂತವರೇ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್, ರೈತರ ಮತ್ತು ಕಸುಬುದಾರರ ಮಕ್ಕಳನ್ನು ಆರಿಸಿ ವರ್ಷಗಟ್ಟಲೆ ತಾಲೀಮು ಕೊಟ್ಟಿತು. ಬೈಬಲ್ಲಿನ ಜೊತೆಗೆ ಗ್ರೀಕ್, ಹೀಬ್ರೂ, ಇಂಗ್ಲಿಷ್. ಮೇಲೆ ಮೈಮುರಿದು ದುಡಿಮೆ. ಮದುವೆಗೂ ಮಿಶನ್ನಿನ ಅಪ್ಪಣೆ ಬೇಕು!

1834ರಲ್ಲಿ ಇವರ ಮೊದಲ ತಂಡ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡದಲ್ಲೂ ಠಾಣೆ ಹೂಡಿತು. ಅದಕ್ಕೂ ಮೊದಲೇ, 1820ರಲ್ಲಿ, ಲಂಡನ್ ಮಿಶನ್ನಿನವರು ನಮ್ಮ ಬೆಳಗಾವಿಗೆ ಬಂದು ಕೂತಿದ್ದರು. ಆದರೆ ಬಾಸೆಲ್ಲಿನ ಪುಸ್ತಕದಲ್ಲಿ ಕಲಿತದ್ದು ಸಂತೆಯಲ್ಲಿ ನಡೆಯಬೇಕಲ್ಲ? ಇಲ್ಲಿ ಮುನ್ಶಿಗಳೇ ಗುರುಗಳು, ಬೀದಿಯೇ ಶಾಲೆ.

ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಹಳಗನ್ನಡದ ಕೇಶಿರಾಜನನ್ನೂ ಬಿಡಲಿಲ್ಲ, ಜನರ ಬಾಯಲ್ಲಿನ ಗಾದೆಯನ್ನೂ ಬಿಡಲಿಲ್ಲ. ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅಂದರೆ ಬಂದ 41 ವರ್ಷಕ್ಕೆ! ಕಲಿಸಲು ಬಂದವರು ಆಯುಷ್ಯವೆಲ್ಲ ಕಲಿಯುತ್ತಲೇ ಉಳಿದರು. ಇವತ್ತು ಧಾರವಾಡದ ಕಾಲೇಜಿಗೆ ಅವರ ಹೆಸರಿದೆ.

ಎಲ್ಲವೂ ಬೆಲ್ಲವಾಗಿರಲಿಲ್ಲ ಅನ್ನುವುದೂ ಖರೆ. ಮತ ಬದಲಿಸಿದವರಿಗೆ ಮನೆ ಹೋಯಿತು, ಕುಲಕಸುಬು ಹೋಯಿತು. ಅವರ ಹೊಟ್ಟೆಪಾಡಿಗಾಗಿ ಮಿಶನ್ನು ನೇಯ್ಗೆ ಕಾರಖಾನೆ, ಹಂಚಿನ ಕಾರಖಾನೆ ತೆಗೆಯಬೇಕಾಯಿತು. ಮತಾಂತರದ ತಂಟೆ ಅಂದೂ ಇತ್ತು, ಇಂದೂ ಇದೆ. ಪರರ ಮನೆಯ ಬಾಗಿಲು ಬಡಿಯುವವನಿಗೆ ಭಾಷೆಯೊಂದೇ ಸಾಲದು, ಆ ಮನೆಯವರ ಮರ್ಯಾದೆಯೂ ಗೊತ್ತಿರಬೇಕು.

ಈಗ ಪಾದ್ರಿ ಆಗುವವರಿಗೆ ಬಾಸೆಲ್ ದಾರಿ ಬೇಕಿಲ್ಲ. 1965ರಲ್ಲಿ ಶುರುವಾದ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಮಂಗಳೂರಿನ ಬಲ್ಮಠದಲ್ಲೇ ಇದೆ. ಕನ್ನಡ ನಾಡಿನ ಹುಡುಗರು ಕನ್ನಡ ನೆಲದಲ್ಲೇ ತಯಾರಾಗಬಹುದು.

ಆದರೆ ಪಾದ್ರಿಗಳಿಗೊಂದೇ ಈ ತಯಾರಿ ಸಾಕೇ? ಕನ್ನಡ ಬಾರದ ಸಾಹೇಬರ ಮುಂದೆ ರೈತ ಓದಲಾಗದ ಸಾಲದ ಕಾಗದಕ್ಕೆ ಹೆಬ್ಬಟ್ಟು ಒತ್ತುತ್ತಾನೆ. 'ಹೊಟ್ಟಿ ತೊಳಸಾಕತ್ತೈತ್ರಿ' ಎಂದು ಮುದುಕಿ ಅಂದರೆ ಹೊರಗಿನಿಂದ ಬಂದ ಡಾಕ್ಟರು ಪಿಳಿಪಿಳಿ ನೋಡುತ್ತಾರೆ. ಇಲ್ಲಿ ಮಾತು ತಪ್ಪಿದರೆ ಹೋಗುವುದು ಹೊಲ, ಇಲ್ಲವೇ ಜೀವ.

ಕೆಲಸದ ಆರ್ಡರಿನ ಜೊತೆಗೆ ಆರು ತಿಂಗಳು ಊರಿನ ಮಾತು ಕಲಿಸಿ ಕಳಿಸಿದರೆ ಸರಕಾರದ ಗಂಟೇನು ಹೋಗುತ್ತದೆ?